ವಯನಾಡಿನ ಬೆಣಚುಕಲ್ಲು ಮತ್ತು ಮೈಕ್ರೋಕಂಟ್ರೋಲರಿನ ಎದೆಬಡಿತ

ಕನ್ನಡದಲ್ಲಿ ಬೆಣಚುಕಲ್ಲು, ಮಲಯಾಳದಲ್ಲಿ ವೆಳ್ಳಾರಂಕಲ್ಲು, ಪಾಠಪುಸ್ತಕದಲ್ಲಿ ಕ್ವಾರ್ಟ್ಸ್. ಗಡಿನಾಡಿನ ನಮ್ಮ ಮಕ್ಕಳಿಗೆ ಒಂದೇ ಕಲ್ಲಿಗೆ ಮೂರು ಹೆಸರು! ವಯನಾಡಿನಲ್ಲಿ ರಸ್ತೆ ಅಗಲ ಮಾಡಲು ಗುಡ್ಡ ಕಡಿದಲ್ಲಿ ಕೆಂಪು ಮಣ್ಣಿನ ನಡುವೆ ಬಿಳಿ ಪಟ್ಟಿಯಂತೆ ಕಾಣುವುದು ಇದೇ. ಎರಡು ತುಂಡುಗಳನ್ನು ಕತ್ತಲೆ ಕೋಣೆಯಲ್ಲಿ ಒಂದಕ್ಕೊಂದು ಉಜ್ಜಿದರೆ ಮಂದ ಬೆಳಕು ಹೊಮ್ಮುತ್ತದೆ. ಈ ಆಟ ಆಡದ ಹಳ್ಳಿಯ ಮಕ್ಕಳು ಕಡಿಮೆ. ಆದರೆ ಇದೇ ಜಾತಿಯ ಕಲ್ಲು ನಮ್ಮ ಕೈಗಡಿಯಾರದಲ್ಲಿ, ಮೊಬೈಲಿನಲ್ಲಿ, ಮಳೆ ಅಳೆಯುವ ಯಂತ್ರದಲ್ಲಿ ಕೂತು ಹೊತ್ತು ಎಣಿಸುತ್ತಿದೆ ಎಂಬುದನ್ನು ನಾವು ತರಗತಿಯಲ್ಲಿ ಹೇಳುವುದು ಅಪರೂಪ. ಅದರ ಚರಿತ್ರೆಯನ್ನೂ, ಅದನ್ನು ಕೆಡಿಸದೆ ದುಡಿಸಿಕೊಳ್ಳುವ ಬಗೆಯನ್ನೂ ಇಲ್ಲಿ ಒಟ್ಟಿಗೆ ನೋಡೋಣ.

ಚಿನ್ನದ ಹುಚ್ಚು

ಚರಿತ್ರೆಯಲ್ಲಿ ವಯನಾಡಿನ ಬೆಣಚುಕಲ್ಲಿಗೆ ಬೆಲೆ ಬಂದದ್ದು ಅದಕ್ಕಾಗಿಯೇ ಅಲ್ಲ, ಅದರೊಳಗಿದ್ದ ಚಿನ್ನಕ್ಕಾಗಿ. ಇಲ್ಲಿನ ಹೊಳೆಗಳ ಮರಳನ್ನು ಜಾಲಿಸಿ ಚಿನ್ನದ ಪುಡಿ ತೆಗೆಯುವುದು ಸ್ಥಳೀಯರಿಗೆ ಮೊದಲಿನಿಂದಲೂ ಗೊತ್ತಿತ್ತು. ಕಾಫಿ ಬೆಳೆಯಲು ಬಂದ ಬಿಳಿಯರ ಕಣ್ಣು ಆಮೇಲೆ ಅತ್ತ ಹೊರಳಿತು. ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ ಗಣಿ ಇಲಾಖೆಯ ಅನುಭವವಿದ್ದ ರಾಬರ್ಟ್ ಬ್ರೋ ಸ್ಮಿತ್ ಎಂಬವರನ್ನು ಸರಕಾರ ಕರೆಸಿತು. ಆಗ್ನೇಯ ವಯನಾಡಿನ ಚಿನ್ನದ ಗಣಿಗಳ ಕುರಿತ ಅವರ ವರದಿ 1880ರಲ್ಲಿ ಪ್ರಕಟವಾಯಿತು. ಲಂಡನ್ನಿನಲ್ಲಿ ಹತ್ತಾರು ಕಂಪೆನಿಗಳು ಹುಟ್ಟಿಕೊಂಡವು, ಷೇರುಗಳು ಬಿಸಿಬಿಸಿ ದೋಸೆಯಂತೆ ಖರ್ಚಾದವು. ದೇವಾಲ, ಪಂದಲೂರುಗಳಿಗೆ ಕಲ್ಲು ಕುಟ್ಟುವ ಯಂತ್ರಗಳು ಘಾಟಿ ಹತ್ತಿ ಬಂದವು.

ಆಮೇಲೆ? ಟನ್ನುಗಟ್ಟಲೆ ಬೆಣಚುಕಲ್ಲು ಪುಡಿಯಾಯಿತು, ಚಿನ್ನ ಮಾತ್ರ ಟನ್ನಿಗೆ ಕೆಲವೇ ಗ್ರಾಂ. ಖರ್ಚು ಗಿಟ್ಟಲಿಲ್ಲ. ಕೆಲವೇ ವರ್ಷಗಳಲ್ಲಿ ಕಂಪೆನಿಗಳು ಒಂದೊಂದಾಗಿ ಮುಚ್ಚಿದವು. ಅದೇ ಹೊತ್ತಿಗೆ ನಮ್ಮ ಕೋಲಾರದಲ್ಲಿ ಜಾನ್ ಟೇಲರ್ ಕಂಪೆನಿಗೆ ಅದೃಷ್ಟ ಕುದುರಿತು. ಅಲ್ಲಿಯ ಚಿನ್ನವೂ ಬೆಣಚುಕಲ್ಲಿನ ಪದರದಲ್ಲೇ ಇದ್ದದ್ದು. ಆ ಗಣಿ 2001ರವರೆಗೆ ನಡೆಯಿತು. ದೇವಾಲ, ಪಂದಲೂರುಗಳಿದ್ದ ಆಗ್ನೇಯ ವಯನಾಡು 1877ರಲ್ಲೇ ನೀಲಗಿರಿ ಜಿಲ್ಲೆಗೆ ಸೇರಿಹೋಗಿತ್ತು. ಇಂದು ಅದು ತಮಿಳುನಾಡು. ಉಳಿದ ವಯನಾಡು 1956ರಲ್ಲಿ ಮಲಬಾರಿನೊಂದಿಗೆ, ನಮ್ಮ ಕಾಸರಗೋಡಿನ ಹಾಗೆಯೇ, ಕೇರಳಕ್ಕೆ ಬಂತು. ಗಡಿಗೆರೆ ಎಲ್ಲಿ ಎಳೆದರೂ ಕಲ್ಲಿನ ಪಟ್ಟಿ ಮಾತ್ರ ನೆಲದಡಿಯಲ್ಲಿ ತನ್ನ ಪಾಡಿಗೆ ಹರಡಿಕೊಂಡಿದೆ.

ಅದೇ ವರ್ಷ ಪ್ಯಾರಿಸ್ಸಿನಲ್ಲಿ

ಸ್ವಾರಸ್ಯ ಇರುವುದು ಇಲ್ಲಿ. ಪಂದಲೂರಿನಲ್ಲಿ ಬೆಣಚುಕಲ್ಲಿನಿಂದ ಚಿನ್ನ ಹಿಂಡಲು ಹೊರಟ ಅದೇ 1880ರಲ್ಲಿ ಪ್ಯಾರಿಸ್ಸಿನ ಇಬ್ಬರು ಅಣ್ಣತಮ್ಮಂದಿರು ಅದೇ ಕಲ್ಲಿನ ಹರಳಿನಿಂದ ವಿದ್ಯುತ್ತನ್ನು ಹಿಂಡಿದರು! ಜಾಕ್ ಕ್ಯೂರಿ ಮತ್ತು ಪಿಯರ್ ಕ್ಯೂರಿ. (ಪಿಯರ್ ಆಮೇಲೆ ಮೇರಿ ಕ್ಯೂರಿಯ ಗಂಡನಾಗಿ ನಮ್ಮೆಲ್ಲರಿಗೂ ಪರಿಚಿತ.) ಸ್ಫಟಿಕವನ್ನು ತಕ್ಕ ದಿಕ್ಕಿನಲ್ಲಿ ಕೊಯ್ದು ಒತ್ತಿದರೆ ಅದರ ಮುಖಗಳಲ್ಲಿ ವಿದ್ಯುದಂಶ ಮೂಡುತ್ತದೆ ಎಂದು ಅವರು ತೋರಿಸಿದರು. ಮರುವರ್ಷ ಲಿಪ್‌ಮನ್ ಲೆಕ್ಕ ಹಾಕಿ, ಇದರ ಉಲ್ಟಾ ಕೂಡ ಆಗಬೇಕು, ವಿದ್ಯುತ್ ಕೊಟ್ಟರೆ ಹರಳು ಚೂರು ಹಿಗ್ಗಿ ಕುಗ್ಗಬೇಕು ಎಂದರು. ಕ್ಯೂರಿ ಸಹೋದರರು ಅದನ್ನೂ ಮಾಡಿ ತೋರಿಸಿದರು. ಒತ್ತಿದರೆ ವಿದ್ಯುತ್, ವಿದ್ಯುತ್ ಕೊಟ್ಟರೆ ಅಲುಗಾಟ. ಮುಂದಿನ ಕತೆಗೆಲ್ಲ ಇದೇ ಬೀಜ.

ಒಂದು ಮಾತು ಸ್ಪಷ್ಟವಾಗಿರಲಿ. ರಸ್ತೆ ಬದಿಯ ಬಿಳಿ ಬೆಣಚುಕಲ್ಲಿನಿಂದ ಗಡಿಯಾರ ಮಾಡಲಾಗದು. ಅದರಲ್ಲಿ ಸಾವಿರಾರು ಸಣ್ಣ ಹರಳುಗಳು ಹೇಗೆಂದರೆ ಹಾಗೆ ಅಂಟಿಕೊಂಡಿರುತ್ತವೆ. ನಮಗೆ ಬೇಕಾದದ್ದು ಒಡಕಿಲ್ಲದ ಒಂದೇ ಹರಳು. ಹಿಂದೆ ಅಂಥದ್ದು ಬ್ರೆಜಿಲಿನಿಂದ ಬರುತ್ತಿತ್ತು. ಈಗ ದಪ್ಪ ಉಕ್ಕಿನ ಪಾತ್ರೆಯಲ್ಲಿ, ಕ್ಷಾರದ ನೀರಿನಲ್ಲಿ, ಭಾರೀ ಒತ್ತಡ ಮತ್ತು ಸುಮಾರು 350 ಡಿಗ್ರಿ ಶಾಖದಲ್ಲಿ ವಾರಗಟ್ಟಲೆ ಇಟ್ಟು ಬೆಳೆಸುತ್ತಾರೆ. ದೊಡ್ಡದೊಂದು ಪ್ರೆಶರ್ ಕುಕ್ಕರ್ ಎಂದುಕೊಳ್ಳಿ.

ರೇಡಿಯೋದವರು ಕಲಿತ ಪಾಠ

ಕ್ಯೂರಿಗಳ ಶೋಧ ಸುಮಾರು ನಲವತ್ತು ವರ್ಷ ಪ್ರಯೋಗಶಾಲೆಯ ಬೆರಗಾಗಿಯೇ ಉಳಿಯಿತು. ಮೊದಲ ಮಹಾಯುದ್ಧದಲ್ಲಿ ಪಾಲ್ ಲ್ಯಾಂಜೆವಿನ್ ಜಲಾಂತರ್ಗಾಮಿಗಳನ್ನು ಪತ್ತೆಹಚ್ಚಲು ಸ್ಫಟಿಕ ಬಳಸಿದರು. 1921ರಲ್ಲಿ ಅಮೆರಿಕದ ವಾಲ್ಟರ್ ಕೇಡಿ ಸ್ಫಟಿಕದಿಂದ ಆವರ್ತನ ಹಿಡಿದಿಡುವ ಆಂದೋಲಕ ಕಟ್ಟಿದರು. 1923ರಲ್ಲಿ ಹಾರ್ವರ್ಡಿನ ಜಾರ್ಜ್ ವಾಷಿಂಗ್ಟನ್ ಪಿಯರ್ಸ್ ಅದನ್ನು ತೀರಾ ಸರಳಗೊಳಿಸಿದರು. ಇಂದು ಯಾವ ಮೈಕ್ರೋಕಂಟ್ರೋಲರಿನ ಎರಡು ಕಾಲುಗಳ ನಡುವೆ ಕ್ರಿಸ್ಟಲ್ ಕೂರಿಸಿದರೂ ಅದು ಹೆಚ್ಚುಕಡಿಮೆ ಪಿಯರ್ಸರ ಆ ಸರ್ಕೀಟೇ! ನೂರು ವರ್ಷ ಕಳೆದರೂ ಬದಲಾಗಿಲ್ಲ.

ಆಗಿನ ರೇಡಿಯೋ ಹವ್ಯಾಸಿಗಳಿಗೆ ಒಂದು ತಲೆನೋವಿತ್ತು. ದೂರಕ್ಕೆ ಕೇಳಿಸಲೆಂದು ವಾಲ್ವಿನಿಂದ ಹೆಚ್ಚು ವಿದ್ಯುತ್ ಹರಿಸಿದರೆ ಹರಳು ಬಿಸಿಯಾಗಿ ಆವರ್ತನ ಜಾರುತ್ತಿತ್ತು. ಇನ್ನೂ ಹೆಚ್ಚಿಸಿದರೆ ಪಟ್ಟನೆ ಬಿರುಕು! ಅದಕ್ಕವರು ಹರಳಿನ ಜೊತೆ ಸರಣಿಯಲ್ಲಿ ಒಂದು ಸಣ್ಣ ಬಲ್ಬು ಸೇರಿಸುತ್ತಿದ್ದರು. ಬಲ್ಬು ಪ್ರಕಾಶವಾಗಿ ಉರಿದರೆ ಹರಳಿಗೆ ಅಪಾಯ ಎಂದು ಅರ್ಥ. ಮಿತಿ ಮೀರಿದರೆ ಬಲ್ಬೇ ಸುಟ್ಟು ಹರಳು ಉಳಿಯುತ್ತಿತ್ತು. ಕ್ರಿಸ್ಟಲನ್ನು ಎಷ್ಟು ಜೋರಾಗಿ ದೂಡಬಹುದು ಎಂಬ ಪ್ರಶ್ನೆ ಹೀಗೆ ಹುಟ್ಟಿತು.

1934ರಲ್ಲಿ ಬೆಲ್ ಪ್ರಯೋಗಾಲಯದವರು ಏಟಿ ಕೊಯ್ತ ಕಂಡುಹಿಡಿದರು. ಹರಳನ್ನು ಒಂದು ನಿರ್ದಿಷ್ಟ ಓರೆಯಲ್ಲಿ ಕೊಯ್ದರೆ ಸೆಕೆ ಚಳಿಗೆ ಆವರ್ತನ ಹೆಚ್ಚು ಬದಲಾಗುವುದಿಲ್ಲ. ಇವತ್ತಿಗೂ ಮೆಗಾಹರ್ಟ್ಸ್ ಕ್ರಿಸ್ಟಲುಗಳಲ್ಲಿ ಬಹುಪಾಲು ಇದೇ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯಕ್ಕೆ ಕೋಟಿಗಟ್ಟಲೆ ಕ್ರಿಸ್ಟಲುಗಳು ಬೇಕಾದವು. ಅಷ್ಟರಲ್ಲಿ ಹೊಸ ಸಮಸ್ಯೆ: ಪೆಟ್ಟಿಗೆಯಲ್ಲಿ ಸುಮ್ಮನೆ ಇಟ್ಟ ಕ್ರಿಸ್ಟಲುಗಳೇ ಕೆಲವು ತಿಂಗಳಲ್ಲಿ ಆವರ್ತನ ಬದಲಿಸುತ್ತಿದ್ದವು, ಕೆಲವು ಎದ್ದೇಳುತ್ತಲೇ ಇರಲಿಲ್ಲ. ಕಾರಣ ಅರೆಯುವಾಗ ಮೇಲ್ಮೈಯಲ್ಲಿ ಉಳಿದ ಸಡಿಲ ಪುಡಿ. ಆಮ್ಲದಲ್ಲಿ ಅದ್ದಿ ಆ ಪದರವನ್ನು ಕರಗಿಸಿದ ಮೇಲೆ ಕಾಯಿಲೆ ವಾಸಿಯಾಯಿತು. ಇದನ್ನು ಮನಸ್ಸಿನಲ್ಲಿಡಿ: ಜೋರಾಗಿ ದೂಡಿದರೆ ಬಿರುಕು, ಕೊಳೆಯಿದ್ದು ಮೆಲ್ಲಗೆ ದೂಡಿದರೆ ನಿದ್ದೆ. ಎರಡೂ ಅಪಾಯಗಳು ಇಂದಿಗೂ ಇವೆ.

ಬೆಂಗಳೂರಿನ ದಾರಿ

ಕನ್ನಡ ನಾಡಿಗೆ ಈ ಕತೆ ಬಂದದ್ದು ಬೆಂಗಳೂರಿನ ಮೂಲಕ. 1954ರಲ್ಲಿ ಅಲ್ಲಿ ಶುರುವಾದ ಭಾರತ್ ಎಲೆಕ್ಟ್ರಾನಿಕ್ಸ್ ಸೈನ್ಯದ ರೇಡಿಯೋಗಳ ಜೊತೆಗೆ ಬಿಡಿಭಾಗಗಳನ್ನೂ ತಯಾರಿಸಿತು; ಕ್ರಿಸ್ಟಲೂ ಅವುಗಳಲ್ಲಿ ಒಂದು. 1961ರಲ್ಲಿ ಎಚ್‌ಎಂಟಿ ಜಪಾನಿನ ಸಿಟಿಜನ್ ಕಂಪೆನಿಯ ಸಹಕಾರದಿಂದ ಕೀಲಿ ಕೊಡುವ ಕೈಗಡಿಯಾರ ಮಾಡತೊಡಗಿತು. ನಮ್ಮ ಅಪ್ಪಂದಿರಿಗೆ ಮದುವೆಯಲ್ಲಿ ಸಿಕ್ಕಿದ್ದು ಅದೇ ಅಲ್ಲವೇ?

ಆದರೆ 1969ರ ಡಿಸೆಂಬರ್ 25ರಂದು ಜಪಾನಿನ ಸೈಕೋ ಮೊದಲ ಕ್ವಾರ್ಟ್ಸ್ ಕೈಗಡಿಯಾರವನ್ನು ಮಾರುಕಟ್ಟೆಗೆ ಬಿಟ್ಟಾಗಿತ್ತು. ಅದರ ಹರಳು ಸೆಕೆಂಡಿಗೆ 8192 ಸಲ ಮಿಡಿಯುತ್ತಿತ್ತು. ಆಮೇಲೆ 32768 ಸಲ ಮಿಡಿಯುವ, ಎರಡು ಕವಲಿನ ಶ್ರುತಿಕವೆಯಂಥ ಪುಟ್ಟ ಹರಳು ರೂಢಿಗೆ ಬಂತು. ಆ ವಿಚಿತ್ರ ಸಂಖ್ಯೆ ಏಕೆ? 32768 ಎಂದರೆ ಎರಡರ ಹದಿನೈದನೇ ಘಾತ. ಹದಿನೈದು ಸಲ ಅರ್ಧ ಮಾಡಿದರೆ ಸರಿಯಾಗಿ ಸೆಕೆಂಡಿಗೆ ಒಂದು! ಗಣಿತ ತರಗತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ? 1984ರಲ್ಲಿ ಸ್ಥಾಪನೆಯಾದ ಟೈಟಾನ್, ಬೆಂಗಳೂರಿನ ಮಗ್ಗುಲಲ್ಲೇ ಇರುವ ಹೊಸೂರಿನಲ್ಲಿ ಕಾರ್ಖಾನೆ ಕಟ್ಟಿ ಕ್ವಾರ್ಟ್ಸನ್ನೇ ನಂಬಿ ಮುಂದೆ ಬಂತು. ಹೊಸೂರು ಕೂಡ ಕನ್ನಡ ಕೇಳಿಸುವ ಗಡಿಯೂರೇ. ಕೀಲಿಯ ಗಡಿಯಾರಕ್ಕೆ ಹೆಸರಾಗಿದ್ದ ಎಚ್‌ಎಂಟಿಯ ಕೈಗಡಿಯಾರ ಘಟಕಗಳನ್ನು ಮುಚ್ಚಲು 2016ರಲ್ಲಿ ಕೇಂದ್ರ ಸರಕಾರ ತೀರ್ಮಾನಿಸಿತು.

1980: ಮತ್ತೊಂದು ಕಾಕತಾಳೀಯ

ವಯನಾಡು ಜಿಲ್ಲೆಯಾದದ್ದು 1980ರ ನವೆಂಬರ್ 1ರಂದು. ಅದೇ 1980ರಲ್ಲಿ ಇಂಟೆಲ್ ಕಂಪೆನಿ 8051 ಎಂಬ ಮೈಕ್ರೋಕಂಟ್ರೋಲರನ್ನು ಹೊರತಂದಿತು. ನಮ್ಮ ಕಡೆಯ ಎಷ್ಟೋ ಹುಡುಗ ಹುಡುಗಿಯರು ಇಂಜಿನಿಯರಿಂಗ್ ಮತ್ತು ಪಾಲಿಟೆಕ್ನಿಕ್ ಲ್ಯಾಬುಗಳಲ್ಲಿ ಮೊದಲು ಕಲಿತದ್ದು ಇದನ್ನೇ. ಅದರ ಪಕ್ಕದಲ್ಲಿ ಸದಾ 11.0592 ಮೆಗಾಹರ್ಟ್ಸ್ ಎಂದು ಬರೆದ ಬೆಳ್ಳಿ ಬಣ್ಣದ ಡಬ್ಬಿ. 12 ಎಂದು ದುಂಡಾಗಿ ಇಡಬಾರದಿತ್ತೇ ಎಂದು ಮಕ್ಕಳು ಕೇಳುತ್ತಾರೆ. ಲೆಕ್ಕ ನೋಡಿ. 8051 ಈ ಮಿಡಿತವನ್ನು 12ರಿಂದ ಭಾಗಿಸುತ್ತದೆ: 9,21,600. ಅದನ್ನು 32ರಿಂದ: 28,800. ಅದನ್ನು 3ರಿಂದ: 9600. ಕಂಪ್ಯೂಟರಿನೊಡನೆ ಮಾತಾಡಲು ಬೇಕಾದ ವೇಗ ಶೇಷವಿಲ್ಲದೆ ಸಿಕ್ಕಿತು. 12 ಮೆಗಾಹರ್ಟ್ಸ್ ಹಾಕಿ ಹಾಗೆಯೇ ಭಾಗಿಸಿದರೆ ಸುಮಾರು 10,417 ಬರುತ್ತದೆ, ಅಂದರೆ ನೂರಕ್ಕೆ ಎಂಟಕ್ಕಿಂತ ಹೆಚ್ಚು ತಪ್ಪು. ಪರದೆಯ ಮೇಲೆ ಅಕ್ಷರದ ಬದಲು ಕಸ. ಕ್ರಿಸ್ಟಲ್ ಆರಿಸುವ ಮೊದಲ ಪಾಠ ಇದು: ದುಂಡಗಿನ ಸಂಖ್ಯೆ ಬೇಡ, ಕೆಲಸಕ್ಕೆ ಒಗ್ಗುವ ಸಂಖ್ಯೆ ಬೇಕು.

ಆರಿಸುವುದು ಹೇಗೆ, ದೂಡುವುದು ಎಷ್ಟು

ಉಯ್ಯಾಲೆಯನ್ನು ನೆನೆಯಿರಿ. ತೀರಾ ಮೆಲ್ಲಗೆ ದೂಡಿದರೆ ಅದು ಏಳುವುದೇ ಇಲ್ಲ. ಮೈಮರೆತು ದೂಡಿದರೆ ಹಗ್ಗ ಹರಿಯುತ್ತದೆ. ಕ್ರಿಸ್ಟಲ್ ಕೂಡ ಹಾಗೆಯೇ. ಕೊಳ್ಳುವಾಗ ಆವರ್ತನದ ಜೊತೆ ಮೂರು ಸಂಗತಿ ನೋಡಬೇಕು.

ಒಂದು, ಲೋಡ್ ಕೆಪಾಸಿಟೆನ್ಸ್. ಕ್ರಿಸ್ಟಲಿನ ಎರಡೂ ಕಾಲಿನಿಂದ ನೆಲಕ್ಕೆ ಒಂದೊಂದು ಕೆಪಾಸಿಟರ್ ಹಾಕುತ್ತೇವಲ್ಲ, ಅವುಗಳ ಬೆಲೆ ಇದರಿಂದ ತೀರ್ಮಾನವಾಗುತ್ತದೆ. 18 ಪಿಕೋಫ್ಯಾರಡ್ ಎಂದು ಬರೆದಿದ್ದರೆ, ಬೋರ್ಡಿನದ್ದೇ ಆದ ಸುಮಾರು 5ನ್ನು ಕಳೆಯಿರಿ, 13 ಉಳಿಯಿತು. ಎರಡು ಕೆಪಾಸಿಟರುಗಳು ಸರಣಿಯಲ್ಲಿರುವುದರಿಂದ ಇಮ್ಮಡಿ ಮಾಡಿ, 26. ಅಂಗಡಿಯಲ್ಲಿ ಸಿಗುವ 27 ಹಾಕಿದರೆ ಸರಿ. ಹೆಚ್ಚು ಹಾಕಿದರೆ ಗಡಿಯಾರ ನಿಧಾನ, ಕಡಿಮೆ ಹಾಕಿದರೆ ಮುಂದೆ. ಎಲ್ಲದಕ್ಕೂ 22 ಎಂದು ಬಾಯಿಪಾಠ ಮಾಡುವುದು ಸರಿಯಲ್ಲ.

ಎರಡು, ಹರಳಿನ ಒಳರೋಧ. ತಾಂತ್ರಿಕ ಹಾಳೆಯಲ್ಲಿ ಇದನ್ನು ಇಎಸ್‌ಆರ್ ಎಂದು ಬರೆದಿರುತ್ತಾರೆ. ಮೆಗಾಹರ್ಟ್ಸ್ ಕ್ರಿಸ್ಟಲಿಗೆ ಕೆಲವು ಹತ್ತು ಓಮ್, 32768ರ ಹರಳಿಗೆ ಐವತ್ತು ಸಾವಿರ ಓಮಿನ ಆಸುಪಾಸು. ಇದು ಹೆಚ್ಚಿದ್ದಷ್ಟೂ ಎಬ್ಬಿಸುವುದು ಕಷ್ಟ.

ಮೂರು, ಡ್ರೈವ್ ಲೆವೆಲ್, ಅಂದರೆ ಹರಳು ತಾಳಿಕೊಳ್ಳುವ ಶಕ್ತಿಯ ಮಿತಿ. ಹಳೆಯ ದೊಡ್ಡ ಡಬ್ಬಿಯ ಕ್ರಿಸ್ಟಲುಗಳು 500 ಮೈಕ್ರೋವ್ಯಾಟನ್ನೋ ಅದಕ್ಕಿಂತ ಹೆಚ್ಚನ್ನೋ ತಾಳುತ್ತಿದ್ದವು. ಈಗಿನ ಅಕ್ಕಿಕಾಳಿನಂಥ ಕ್ರಿಸ್ಟಲುಗಳಿಗೆ ಸಾಮಾನ್ಯವಾಗಿ 100. ಕೈಗಡಿಯಾರದ ಹರಳಿಗೆ ಬರೇ ಒಂದು ಮೈಕ್ರೋವ್ಯಾಟ್, ಕೆಲವಕ್ಕೆ ಅದರ ಅರ್ಧ!

ಲೆಕ್ಕ ಸುಲಭ. ಹರಳಿನ ಮೂಲಕ ಹರಿಯುವ ವಿದ್ಯುತ್ತಿನ ವರ್ಗವನ್ನು ಒಳರೋಧದಿಂದ ಗುಣಿಸಿದರೆ ಶಕ್ತಿ. 8 ಮೆಗಾಹರ್ಟ್ಸ್, 60 ಓಮ್ ಒಳರೋಧದ ಕ್ರಿಸ್ಟಲ್ ಇದೆಯೆನ್ನಿ. ಅದರ ಕಾಲಿನಲ್ಲಿ ಎಲ್ಲ ಸೇರಿ 30 ಪಿಕೋಫ್ಯಾರಡ್. 5 ವೋಲ್ಟಿನ ಸರ್ಕೀಟಿನಲ್ಲಿ ಅಲೆ ತಳದಿಂದ ತುದಿಯವರೆಗೆ ಪೂರ್ತಿ 5 ವೋಲ್ಟ್ ಓಲಾಡಿದರೆ, 2.83ರಿಂದ ಭಾಗಿಸಿ 1.77 ವೋಲ್ಟ್. ಇದನ್ನು 6.28, ಆವರ್ತನ, ಕೆಪಾಸಿಟೆನ್ಸ್ ಇವುಗಳಿಂದ ಗುಣಿಸಿದರೆ ಸುಮಾರು 2.67 ಮಿಲಿಆಂಪಿಯರ್. ಅದರ ವರ್ಗ, ಗುಣಿಸು 60: ಸುಮಾರು 430 ಮೈಕ್ರೋವ್ಯಾಟ್. 100ರ ಮಿತಿಯ ಹರಳಿಗೆ ನಾಲ್ಕು ಪಟ್ಟು! ಮೊದಲ ದಿನ ಓಡುತ್ತದೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಆಮೇಲೆ ಆವರ್ತನ ಜಾರುತ್ತದೆ, ಬೇಗ ಮುಪ್ಪಾಗುತ್ತದೆ. ಶ್ರುತಿಕವೆಯ ಹರಳಾದರೆ ಕವಲೇ ಮುರಿಯಬಹುದು.

ಪರಿಹಾರ, ಚಿಪ್ಪಿನ ಹೊರಗಾಲಿಗೂ ಕ್ರಿಸ್ಟಲಿಗೂ ನಡುವೆ ಒಂದು ರೋಧಕ. ಆ ಬದಿಯ ಕೆಪಾಸಿಟರಿನ ಪ್ರತಿರೋಧದಷ್ಟರಿಂದ ಶುರುಮಾಡಿ. 8 ಮೆಗಾಹರ್ಟ್ಸ್, 27 ಪಿಕೋಫ್ಯಾರಡಿಗೆ ಅದು ಸುಮಾರು 740 ಓಮ್. ಅಳೆದು ನೋಡಿ ಹೆಚ್ಚು ಕಡಿಮೆ ಮಾಡಿ. ಅಳೆಯುವ ಕಡ್ಡಿಯೇ ಹತ್ತು ಪಿಕೋಫ್ಯಾರಡಿನಷ್ಟು ಸೇರಿಸುತ್ತದೆ ಎಂಬುದು ನೆನಪಿರಲಿ. ಹಳೆಯ 4060 ಚಿಪ್ಪಿನ ಗಡಿಯಾರಗಳಲ್ಲಿ 32768ರ ಹರಳಿನ ದಾರಿಯಲ್ಲಿ 330 ಕಿಲೋಓಮ್ ಇಡುತ್ತಿದ್ದದ್ದು ಇದಕ್ಕೇ. ಆರ್ಡುಯಿನೋದಲ್ಲಿ ಇರುವ ಏಟಿಮೆಗಾ 328ಪಿ ಚಿಪ್ಪಿನಲ್ಲಿ ಮೆಲ್ಲಗೆ ದೂಡುವ ಒಂದು ರೀತಿ, ಪೂರ್ತಿ ವೋಲ್ಟೇಜಿನಲ್ಲಿ ದೂಡುವ ಇನ್ನೊಂದು ರೀತಿ ಇವೆ. ಗದ್ದಲದ ಮೋಟಾರುಗಳ ಪಕ್ಕ ಎರಡನೆಯದು ಬೇಕಾಗಬಹುದು. ಸುಮ್ಮನೆ ಅದನ್ನು ಆರಿಸಬೇಡಿ.

ಮೆಲ್ಲಗೆ ದೂಡಿದ್ದು ಅತಿಯಾಯಿತೇ ಎಂದು ತಿಳಿಯಲೂ ಪರೀಕ್ಷೆಯಿದೆ. ಕ್ರಿಸ್ಟಲಿನ ಸರಣಿಯಲ್ಲಿ ಅದರ ಒಳರೋಧದ ಐದು ಪಟ್ಟು ರೋಧಕ ಸೇರಿಸಿ. 60 ಓಮಿಗೆ 300. ಆಗಲೂ ಸರ್ಕೀಟು ತಾನಾಗಿ ಎದ್ದರೆ ಮಳೆಗಾಲ ಚಳಿಗಾಲಕ್ಕೂ ಭಯವಿಲ್ಲ. ಪರೀಕ್ಷೆ ಮುಗಿದ ಮೇಲೆ ಆ ರೋಧಕ ತೆಗೆಯುವುದನ್ನು ಮರೆಯಬೇಡಿ.

ಮಳೆಯ ನಾಡಿನಲ್ಲಿ ಹೊತ್ತಿನ ಬೆಲೆ

ಇಷ್ಟೆಲ್ಲ ಸೂಕ್ಷ್ಮ ನಮಗೇಕೆ ಎನ್ನುವಿರಾ? 2019ರ ಆಗಸ್ಟ್ 8ರಂದು ಪುತ್ತುಮಲೆಯಲ್ಲಿ ಗುಡ್ಡ ಜರಿಯಿತು. 2024ರ ಜುಲೈ 30ರ ನಸುಕಿನಲ್ಲಿ ಮುಂಡಕ್ಕೈ, ಚೂರಲ್‌ಮಲೆ ಕೊಚ್ಚಿಹೋದವು. ಇನ್ನೂರೈವತ್ತಕ್ಕೂ ಹೆಚ್ಚು ಜೀವಗಳು ಹೋದವು, ಶಾಲೆಗೂ ಮಣ್ಣು ನುಗ್ಗಿತು. ಮಾಷ್ಟ್ರುಗಳಾದ ನಮಗೆ ಆ ಚಿತ್ರ ಮರೆಯುವಂಥದ್ದಲ್ಲ. ಗುಡ್ಡ ಜರಿಯುವುದು ಒಟ್ಟು ಮಳೆಯಿಂದ ಮಾತ್ರವಲ್ಲ, ಎಷ್ಟು ಹೊತ್ತಿನಲ್ಲಿ ಅಷ್ಟು ಸುರಿಯಿತು ಎಂಬುದರಿಂದ. ಕಲ್ಪೆಟ್ಟದ ಹ್ಯೂಮ್ ಸೆಂಟರ್ ಜಿಲ್ಲೆಯಲ್ಲಿ ಹರಡಿರುವ ಮಳೆಮಾಪಕಗಳ ಜಾಲ ಕಟ್ಟಿರುವುದು ಇಂಥ ಲೆಕ್ಕಕ್ಕಾಗಿಯೇ. ಹತ್ತು ಕಡೆಯ ಮಳೆಯನ್ನು ಹೋಲಿಸಬೇಕಾದರೆ ಹತ್ತೂ ಕಡೆಯ ಗಡಿಯಾರ ಒಂದೇ ಹೊತ್ತು ಹೇಳಬೇಕು.

ಕೇರಳದ ಶಾಲೆಗಳ ಲಿಟಲ್ ಕೈಟ್ಸ್ ಮಕ್ಕಳ ಕೈಗೆ ಆರ್ಡುಯಿನೋ ಬಂದಿದೆ. ಮಳೆ ಅಳೆಯುವ ಯಂತ್ರ ಮಾಡೋಣ ಎಂಬ ಉಮೇದು ಸಹಜ. ಆರ್ಡುಯಿನೋ ಊನೋದ ಮೂರನೆಯ ಆವೃತ್ತಿಯ ಮೇಲೆ ಹೊಳೆಯುವ ಕ್ರಿಸ್ಟಲ್ ಇದೆ ನಿಜ. ಆದರೆ ಅದು ಯುಎಸ್‌ಬಿ ಚಿಪ್ಪಿನದ್ದು! ಮುಖ್ಯ ಚಿಪ್ಪಿಗಿರುವುದು ಸಿರಾಮಿಕ್ ರೆಸೊನೇಟರ್. ಅದು ನೂರಕ್ಕೆ ಅರ್ಧದಷ್ಟು ತಪ್ಪಿದರೂ ದಿನಕ್ಕೆ 432 ಸೆಕೆಂಡ್, ಅಂದರೆ ಏಳು ನಿಮಿಷ. ವಾರದಲ್ಲಿ ಮುಕ್ಕಾಲು ಗಂಟೆಗೂ ಹೆಚ್ಚು. ಅಂಥ ದಾಖಲೆಯಿಂದ ಯಾರನ್ನು ಎಚ್ಚರಿಸುವುದು?

32768ರ ಹರಳಿನ ಗಡಿಯಾರ ಚಿಪ್ಪು ಸೇರಿಸಿದರೆ, ಮಿಲಿಯನ್ನಿಗೆ 20 ತಪ್ಪಿದರೂ ದಿನಕ್ಕೆ 1.7 ಸೆಕೆಂಡ್ ಮಾತ್ರ. ಈ ಹರಳು 25 ಡಿಗ್ರಿಯಲ್ಲಿ ಸರಿಯಾಗಿರುತ್ತದೆ, ಆಚೀಚೆ ಹೋದರೆ ನಿಧಾನವಾಗುತ್ತದೆ. ವಯನಾಡಿನ 15 ಡಿಗ್ರಿಯ ಚಳಿಯಲ್ಲೇ ಇದ್ದರೆ ತಿಂಗಳಿಗೆ ಸುಮಾರು 9 ಸೆಕೆಂಡ್ ಹಿಂದೆ. ಅದೂ ಬೇಡವೆಂದರೆ ಡಿಎಸ್ 3231 ಎಂಬ ಚಿಪ್ಪಿದೆ. ಹರಳು ಒಳಗೇ ಇದ್ದು ಶಾಖಕ್ಕೆ ತಕ್ಕಂತೆ ತಾನೇ ತಿದ್ದಿಕೊಳ್ಳುತ್ತದೆ, ವರ್ಷಕ್ಕೆ ಒಂದು ನಿಮಿಷದ ಆಸುಪಾಸು. ಡ್ರೈವಿನ ಚಿಂತೆಯನ್ನೂ ಅದೇ ಹೊತ್ತಿರುತ್ತದೆ.

ಬಿಡಿ ಹರಳು ಬಳಸುವವರು ಕೆಲವು ಜಾಗ್ರತೆ ವಹಿಸಬೇಕು. ಚಿಪ್ಪು 12.5 ಪಿಕೋಫ್ಯಾರಡಿನ ಹರಳು ಕೇಳಿದರೆ ಅದನ್ನೇ ಕೊಡಿ, 6ರದ್ದು ಹಾಕಿದರೆ ನಿಧಾನವಾಗುತ್ತದೆ. ದಾರಿಗಳು ಗಿಡ್ಡವಾಗಿರಲಿ. ನೆಲಕ್ಕೆ ಬಿದ್ದ ಹರಳನ್ನು ನಂಬಬೇಡಿ. ಕಾಲುಗಳನ್ನು ಡಬ್ಬಿಯ ಬುಡದಲ್ಲೇ ಬಗ್ಗಿಸಬೇಡಿ. ಎಲ್ಲಕ್ಕಿಂತ ಮುಖ್ಯ, ನಮ್ಮ ಮಳೆಗಾಲದ ಥಂಡಿ. ಲಕ್ಷಗಟ್ಟಲೆ ಓಮಿನ ಈ ಸರ್ಕೀಟಿನಲ್ಲಿ ಕಾಲುಗಳ ನಡುವೆ ತೆಳು ತೇವ, ಬೆಸುಗೆಯ ಕೊಳೆ ಇದ್ದರೂ ವಿದ್ಯುತ್ ಸೋರಿ ಮಿಡಿತ ನಿಲ್ಲುತ್ತದೆ. ತೊಳೆದು, ಒಣಗಿಸಿ, ಮೇಲೆ ರಕ್ಷಣೆಯ ವಾರ್ನಿಶ್ ಬಳಿಯಿರಿ.

ಒಂದು ಕಾಲದಲ್ಲಿ ವಯನಾಡಿನ ಬೆಣಚುಕಲ್ಲನ್ನು ಕುಟ್ಟಿ ಪುಡಿಮಾಡಿದವರಿಗೆ ಬೇಕಾದದ್ದು ಸಿಗಲಿಲ್ಲ. ಅದರ ಅಣ್ಣತಮ್ಮನಾದ ಹರಳನ್ನು ಮೆಲ್ಲಗೆ, ಅಳೆದು ದೂಡುವವರಿಗೆ ಮಾತ್ರ ಅದು ವರ್ಷಗಟ್ಟಲೆ ನಿಷ್ಠೆಯಿಂದ ಹೊತ್ತು ಹೇಳುತ್ತದೆ. ಈ ಸಲದ ಶಾಸ್ತ್ರಮೇಳಕ್ಕೆ ಮಕ್ಕಳು ಮಳೆಮಾಪಕ ಮಾಡಿದರೆ ಇಷ್ಟು ಮಾಡಿಸಿ: ಯಂತ್ರವನ್ನು ರೇಡಿಯೋದ ಸಮಯಕ್ಕೆ ಹೊಂದಿಸಿ, ಹತ್ತು ದಿನ ಸುಮ್ಮನೆ ಓಡಲು ಬಿಟ್ಟು, ಎಷ್ಟು ಸೆಕೆಂಡ್ ತಪ್ಪಿತೆಂದು ಪುಸ್ತಕದಲ್ಲಿ ಬರೆಸಿ. ಆಮೇಲೆ ಮಳೆಗೆ ಇಡೋಣ.